ನವಜಾತ ಶಿಶುವಿನ ಹೃದಯಕ್ಕೆ ಎಂಆರ್‌ಐ: ಯಾವಾಗ ಬೇಕು, ಯಾವಾಗ ಬೇಡ

ಹುಟ್ಟಿ ಎರಡು ದಿನವಾದ ಮಗುವಿನ ಹೃದಯ ಹೆಚ್ಚುಕಮ್ಮಿ ಅದರ ಮುಷ್ಟಿಯಷ್ಟೇ ಇರುತ್ತದೆ. ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ. ಆ ಹೃದಯದಲ್ಲಿ ತೂತು ಇದೆ, ಇಲ್ಲವೇ ರಕ್ತನಾಳ ಅದಲುಬದಲಾಗಿದೆ ಅಂತ ಡಾಕ್ಟರಿಗೆ ಸಂಶಯ ಬಂದರೆ ಮನೆಯವರ ಬಾಯಿಗೆ ಈಗ ಮೊದಲು ಬರುವ ಶಬ್ದ ಎಂಆರ್‌ಐ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಮಹಾರಾಷ್ಟ್ರದಲ್ಲಿದ್ದರೂ ಇಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. "ಸಾಹೇಬ್ರ, ಎಂಆರ್‌ಐ ತಗಸಿದ್ರ ಎಲ್ಲಾ ಗೊತ್ತಾಗ್ತದಲ್ರೀ?" ಅಂತ ಇಲ್ಲಿಯವರು ಕೇಳುತ್ತಾರೆ. ಮಂಗಳೂರು ಕಡೆ ಕೇಳುವ ಧಾಟಿ ಬೇರೆ, ಪ್ರಶ್ನೆ ಮಾತ್ರ ಅದೇ. ದೊಡ್ಡ ಮಷಿನ್, ದೊಡ್ಡ ಬಿಲ್ಲು, ಹಾಗಾಗಿ ಉತ್ತರವೂ ದೊಡ್ಡದೇ ಸಿಗುತ್ತದೆ ಅಂತ ನಂಬಿಕೆ.

ನವಜಾತ ಶಿಶುವಿನ ವಿಷಯದಲ್ಲಿ ಈ ನಂಬಿಕೆ ಅಪಾಯದ್ದು. ಕೆಲವು ಹೃದಯದೋಷಗಳಲ್ಲಿ ಮಗುವಿನ ಜೀವ ಗಂಟೆಗಳ ಲೆಕ್ಕದಲ್ಲಿ ನಿಂತಿರುತ್ತದೆ. ಆಗ ಎಂಆರ್‌ಐ ಮಷಿನ್ ಹುಡುಕುತ್ತಾ ಊರೂರು ಅಲೆದರೆ ಹೋದ ಸಮಯ ವಾಪಸ್ ಬರುವುದಿಲ್ಲ. ಇದರ ಉಲ್ಟಾ ಕೂಡ ಉಂಟು. ಮಕ್ಕಳ ಹೃದಯ ತಜ್ಞರೇ ಎಂಆರ್‌ಐ ಬೇಕು ಅಂತ ಬರೆದುಕೊಟ್ಟಾಗ "ಇಷ್ಟು ಸಣ್ಣ ಮಗುವನ್ನು ಆ ಗುಹೆಯೊಳಗೆ ಹಾಕುವುದಾ" ಅಂತ ಹೆದರಿ ಮನೆಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ಆದ್ದರಿಂದ ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಇಂಥ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು ಅಂತ ಅಂದಾಜಿದೆ. ಅವರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮಕ್ಕಳಿಗೆ ಮೊದಲ ವರ್ಷದೊಳಗೇ ಆಪರೇಷನ್ ಅಥವಾ ಕ್ಯಾಥೆಟರ್ ಚಿಕಿತ್ಸೆ ಬೇಕಾಗುತ್ತದೆ. ಉಳಿದವರಲ್ಲಿ ಸಣ್ಣ ತೂತುಗಳೇ ಜಾಸ್ತಿ, ಎಷ್ಟೋ ತಾನಾಗಿಯೇ ಮುಚ್ಚಿಹೋಗುತ್ತವೆ.

ಮೊದಲ ಪರೀಕ್ಷೆ ಬೆರಳಿಗೆ ಹಾಕುವ ಕ್ಲಿಪ್ಪು

ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ ಪಲ್ಸ್ ಆಕ್ಸಿಮೀಟರ್, ಅದರದ್ದೇ ಮಕ್ಕಳಿಗೆ ಹೊಂದುವ ರೂಪ. ಹುಟ್ಟಿ 24 ಗಂಟೆ ಆದಮೇಲೆ ಬಲಗೈಗೂ ಒಂದು ಕಾಲಿಗೂ ಹಾಕಿ ನೋಡುತ್ತಾರೆ. ಎರಡೂ ಕಡೆ ಆಮ್ಲಜನಕ ಶೇ. 95 ಅಥವಾ ಹೆಚ್ಚಿದ್ದು, ಕೈಗೂ ಕಾಲಿಗೂ ವ್ಯತ್ಯಾಸ ಶೇ. 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. ಶೇ. 90ಕ್ಕಿಂತ ಕೆಳಗೆ ಬಂದರೆ ಕಾಯುವ ಮಾತಿಲ್ಲ, ಕೂಡಲೇ ಮುಂದಿನ ತಪಾಸಣೆ. ನಡುವಿನ ಅಂಕಿ ಬಂದರೆ ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಕೈಯನ್ನೂ ಕಾಲನ್ನೂ ಬೇರೆ ಬೇರೆ ನೋಡುವುದಕ್ಕೆ ಕಾರಣ ಇದೆ: ಬಲಗೈಗೆ ಹೋಗುವ ನಾಳ ಮಹಾಧಮನಿಯಲ್ಲಿ ಮೊದಲೇ ಕವಲೊಡೆಯುತ್ತದೆ, ಕಾಲಿಗೆ ಹೋಗುವ ರಕ್ತ ಮುಂದೆ ಸಾಗಿ ಇಳಿಯುತ್ತದೆ. ನಡುದಾರಿಯಲ್ಲಿ ತೊಂದರೆ ಇದ್ದರೆ ಎರಡು ಅಂಕಿ ಹೊಂದುವುದಿಲ್ಲ. ಹೆರಿಗೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಮೊದಲು "ಮಗುವಿಗೆ ಆಕ್ಸಿಜನ್ ಕ್ಲಿಪ್ ಹಾಕಿ ನೋಡಿದ್ರಾ" ಅಂತ ಒಂದು ಮಾತು ಕೇಳಿ. ಇದಕ್ಕೆ ಖರ್ಚೇ ಇಲ್ಲ ಅನ್ನಬಹುದು.

ಕ್ಲಿಪ್ಪಿನಲ್ಲಿ ಸಂಶಯ ಬಂದರೆ, ಅಥವಾ ಮಗುವಿನ ತುಟಿ, ನಾಲಗೆ ನೀಲಿಯಾದರೆ, ಹಾಲು ಕುಡಿಯುವಾಗ ಬೆವರಿ ನಡುನಡುವೆ ಬಿಟ್ಟುಬಿಟ್ಟು ಏದುಸಿರು ಬಿಟ್ಟರೆ, ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಆಗ ಬೇಕಾಗುವುದು ಎಕೋ. ದೃಷ್ಟಿ ತಾಗಿದೆ ಅಂತ ಮೂರು ದಿನ ನೋಡುವ ಲಕ್ಷಣಗಳಲ್ಲ ಇವು.

ಎಕೋ ಅಂದರೆ ಶಬ್ದದ ಅಲೆ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಮಾಡುವುದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯ ಮತ್ತು ಹೆಲ್ಮುಟ್ ಹರ್ಟ್ಜ್ ಎಂಬ ಭೌತವಿಜ್ಞಾನಿ ಇದನ್ನು ಹೃದಯಕ್ಕೆ ಮೊದಲು ಬಳಸಿದರು. ಅವರು ತಂದದ್ದು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವಂತೆ! ಇವತ್ತು ಎಕೋ ಮಷಿನನ್ನು ಮಗುವಿನ ತೊಟ್ಟಿಲ ಬಳಿಗೇ ತಳ್ಳಿಕೊಂಡು ಬರುತ್ತಾರೆ. ಮಗುವನ್ನು ಇನ್‌ಕ್ಯುಬೇಟರ್‌ನಿಂದ ಹೊರಗೆ ತೆಗೆಯಬೇಕಾಗಿಲ್ಲ. ಹೆಚ್ಚಿನ ಮಕ್ಕಳಿಗೆ ಏನು ದೋಷ, ಏನು ಚಿಕಿತ್ಸೆ ಅನ್ನುವುದು ಇದರಲ್ಲೇ ತೀರ್ಮಾನವಾಗುತ್ತದೆ. ಎಂಆರ್‌ಐ ಬರುವುದು ಎಕೋ ಆದಮೇಲೆ, ಎಕೋ ಉತ್ತರ ಕೊಡದ ಪ್ರಶ್ನೆಗೆ.

ಎಕೋ ಎಲ್ಲಿ ನಿಲ್ಲುತ್ತದೆ

ಹೃದಯಕ್ಕೆ ಕೆಳಗಿನ ಎರಡು ಕೋಣೆ ಮುಖ್ಯ. ಎಡಗಡೆಯದ್ದು ಇಡೀ ಮೈಗೆ ರಕ್ತ ತಳ್ಳುತ್ತದೆ, ಬಲಗಡೆಯದ್ದು ಶ್ವಾಸಕೋಶಕ್ಕೆ. ಎಕೋದಲ್ಲಿ ಎಡಗೋಣೆಯ ಅಗಲ, ಉದ್ದ ಅಳೆದು, ಅದು ಇಂಥ ಆಕಾರದಲ್ಲಿದೆ ಅಂತ ಊಹಿಸಿ ಒಳಗೆ ಎಷ್ಟು ರಕ್ತ ಹಿಡಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ದೊಡ್ಡವರಿಗೆ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಆದರೆ ಈಗಷ್ಟೇ ಹುಟ್ಟಿದ ಮಗುವಿಗೆ ಹೊಟ್ಟೆಯೊಳಗಿದ್ದಾಗ ಬಲಗೋಣೆಯೇ ಹೆಚ್ಚು ದುಡಿದಿರುತ್ತದೆ, ಶ್ವಾಸಕೋಶದ ಒತ್ತಡವೂ ಇನ್ನೂ ಇಳಿದಿರುವುದಿಲ್ಲ. ಹಾಗಾಗಿ ನಡುವಿನ ಗೋಡೆ ಎಡಕ್ಕೆ ಒತ್ತಿ ಚಪ್ಪಟೆಯಾಗಿರುತ್ತದೆ. ಆಕಾರ ತಪ್ಪಿದ ಮೇಲೆ ಆಕಾರ ನಂಬಿ ಹಾಕಿದ ಲೆಕ್ಕವೂ ತಪ್ಪುತ್ತದೆ. ಬಲಗೋಣೆಗಂತೂ ನೆಟ್ಟಗೆ ಒಂದು ಆಕಾರವೇ ಇಲ್ಲ, ಎಡಗೋಣೆಗೆ ಸುತ್ತಿಕೊಂಡ ಚೀಲದ ಹಾಗೆ ಅದು.

ಎಂಆರ್‌ಐ ಆಕಾರವನ್ನು ಊಹಿಸುವುದಿಲ್ಲ. ಹೃದಯವನ್ನು ಬ್ರೆಡ್ಡಿನ ಹಾಗೆ ಮೇಲಿನಿಂದ ಕೆಳಗಿನವರೆಗೆ ಹೋಳು ಹೋಳಾಗಿ ಚಿತ್ರ ತೆಗೆದು, ಪ್ರತಿ ಹೋಳಿನ ವಿಸ್ತೀರ್ಣ ಕೂಡಿಸುತ್ತದೆ. ದೊಡ್ಡವರಿಗೆ ಒಂದು ಹೋಳು 8 ಮಿಲಿಮೀಟರ್ ದಪ್ಪ ಇದ್ದರೆ ನಡೆಯುತ್ತದೆ, ಶಿಶುವಿಗೆ 4ರ ಆಸುಪಾಸು ಬೇಕು. ಅದೂ ಬಡಿಯುತ್ತಿರುವ ಹೃದಯ. ಒಂದು ಬಡಿತಕ್ಕೆ ಅರ್ಧ ಸೆಕೆಂಡೂ ಇಲ್ಲ. ಇಸಿಜಿಯ ತಾಳ ಹಿಡಿದು, ಹಲವು ಬಡಿತಗಳ ಮಾಹಿತಿ ಜೋಡಿಸಿ, ಒಂದು ಬಡಿತದ ಸಿನಿಮಾ ತಯಾರು ಮಾಡುತ್ತಾರೆ. ದೊಡ್ಡವರಿಗೆ "ಉಸಿರು ಹಿಡಿಯಿರಿ" ಅನ್ನಬಹುದು, ಎರಡು ದಿನದ ಕೂಸಿಗೆ ಹೇಳುವುದು ಹೇಗೆ? ಅದಕ್ಕೇ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುತ್ತಾರೆ.

ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಆದರೆ ಮುಂದಿನ ಲೆಕ್ಕ ಅಂಗಡಿ ನಡೆಸುವವರಿಗೆ ಬೇಗ ಅರ್ಥ ಆಗುತ್ತದೆ. ಆರಂಭದ ಸ್ಟಾಕು, ಕೊನೆಯ ಸ್ಟಾಕು, ನಡುವೆ ಹೋದದ್ದು ಮಾರಾಟ. ಉದಾಹರಣೆಗೆ 3 ಕಿಲೋ ತೂಕದ ಮಗುವಿನ ಎಡಗೋಣೆ ತುಂಬಿದಾಗ 7.5 ಎಂಎಲ್ ರಕ್ತ, ಹಿಂಡಿದ ಮೇಲೆ ಉಳಿದದ್ದು 2.5 ಎಂಎಲ್ ಅಂತ ಇಟ್ಟುಕೊಳ್ಳಿ. ಒಂದು ಬಡಿತಕ್ಕೆ ಹೊರಗೆ ಹೋದದ್ದು 5 ಎಂಎಲ್, ಅಂದರೆ ಒಂದು ಟೀ ಚಮಚ. ತುಂಬಿದ್ದರಲ್ಲಿ ಶೇ. 67ರಷ್ಟು ಹೊರಗೆ ಹೋಯಿತು. ರಿಪೋರ್ಟಿನಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಅಥವಾ ಇಎಫ್ ಅಂತ ಬರೆಯುವುದು ಇದನ್ನೇ. ನಿಮಿಷಕ್ಕೆ 140 ಬಡಿತ ಅಂದರೆ 700 ಎಂಎಲ್. ಆ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 250 ಎಂಎಲ್. ಅಷ್ಟೂ ರಕ್ತ ಒಂದು ನಿಮಿಷದಲ್ಲಿ ಹತ್ತಿರ ಹತ್ತಿರ ಮೂರು ಸುತ್ತು ಹಾಕುತ್ತದೆ. ಇಷ್ಟು ಸಣ್ಣ ಅಂಕಿಗಳಲ್ಲಿ ಅರ್ಧ ಎಂಎಲ್ ತಪ್ಪಿದರೂ ಶೇಕಡಾ ಲೆಕ್ಕ ಎಲ್ಲಿಗೋ ಹೋಗುತ್ತದೆ. ನಿಖರವಾದ ಅಳತೆ ಬೇಕಾಗುವುದು ಇದಕ್ಕೇ.

ಎರಡನೆಯ ಕೆಲಸ ಹರಿವು ಅಳೆಯುವುದು. ಒಂದು ನಾಳದಲ್ಲಿ ನಿಮಿಷಕ್ಕೆ ಎಷ್ಟು ರಕ್ತ ಹೋಯಿತು ಅಂತ ಎಂಆರ್‌ಐ ನೇರವಾಗಿ ಅಳೆಯುತ್ತದೆ. ಆರೋಗ್ಯವಂತ ಹೃದಯದಲ್ಲಿ ಶ್ವಾಸಕೋಶಕ್ಕೆ ಹೋದದ್ದೂ ಮೈಗೆ ಹೋದದ್ದೂ ಸಮ ಇರಬೇಕು. ತಾಳೆಯಾಗದಿದ್ದರೆ ಎಲ್ಲೋ ಸೋರಿಕೆ ಇದೆ. ಇದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ದೊಡ್ಡ ಪ್ರಶ್ನೆ. ಹೊಟ್ಟೆಯೊಳಗಿರುವಾಗ ಮಹಾಧಮನಿಗೂ ಶ್ವಾಸಕೋಶದ ನಾಳಕ್ಕೂ ನಡುವೆ ಒಂದು ಅಡ್ಡದಾರಿ ಇರುತ್ತದೆ, ತಿಂಗಳು ತುಂಬಿ ಹುಟ್ಟಿದವರಲ್ಲಿ ಎರಡು ಮೂರು ದಿನದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮುಂಚೆ ಹುಟ್ಟಿದವರಲ್ಲಿ ಎಷ್ಟೋ ಸಲ ತೆರೆದೇ ಉಳಿಯುತ್ತದೆ, ಪಿಡಿಎ ಅನ್ನುತ್ತಾರೆ. ಆಗ ಎಡಗೋಣೆ ಜೋರಾಗಿ ತಳ್ಳುತ್ತಿರುತ್ತದೆ, ಅಂಕಿ ನೋಡಿದರೆ ಭರ್ಜರಿ. ಆದರೆ ಅರ್ಧ ಮಾಲು ದಾರಿಯಲ್ಲೇ ಶ್ವಾಸಕೋಶಕ್ಕೆ ತಿರುಗಿಹೋಗಿ, ಮೆದುಳಿಗೆ, ಕರುಳಿಗೆ, ಕಿಡ್ನಿಗೆ ಕಡಿಮೆ ತಲುಪುತ್ತಿರಬಹುದು. ಗೋಡೌನಿನಿಂದ ಹೊರಟ ಲೋಡು ನೋಡಿ ಅಂಗಡಿಗೆ ಬಂದದ್ದೂ ಅಷ್ಟೇ ಅಂತ ಬರೆಯಲು ಆಗುತ್ತದಾ?

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ ಮತ್ತು ಇಂಪೀರಿಯಲ್ ಕಾಲೇಜಿನಲ್ಲಿ ಅಲನ್ ಗ್ರೋವ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಈ ಪ್ರಶ್ನೆಯನ್ನೇ ಹಿಡಿದು ಕೆಲಸ ಮಾಡಿದರು. ಮೆದುಳು, ತಲೆ, ಕೈಗಳಿಂದ ವಾಪಸ್ ಬರುವ ರಕ್ತವನ್ನೂ, ಎದೆಯಿಂದ ಕೆಳಗಿಳಿಯುವ ಮಹಾಧಮನಿಯ ರಕ್ತವನ್ನೂ ಬೇರೆ ಬೇರೆ ಅಳೆದರೆ ಮೈಗೆ ನಿಜವಾಗಿ ಸಿಕ್ಕಿದ್ದು ಎಷ್ಟು ಅಂತ ತಿಳಿಯುತ್ತದೆ. ತಿಂಗಳು ತುಂಬಿದ ಮತ್ತು ತುಂಬದ ಶಿಶುಗಳಲ್ಲಿ, ಮತ್ತು ಬರುವ ಔಷಧಿ ಕೊಡದೆ, ಇದನ್ನು ಮಾಡಬಹುದು ಅಂತ 2011ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಅಲ್ಲಿಯವರೆಗೆ ಶಿಶುವಿನ ಹೃದಯದ ಎಂಆರ್‌ಐ ಅಂದರೆ ಹೆಚ್ಚಾಗಿ ರಚನೆಯ ಚಿತ್ರಕ್ಕೆ. ಪಿಡಿಎ ಇರುವ ಪ್ರತಿ ಮಗುವಿಗೂ ಎಂಆರ್‌ಐ ಮಾಡಿಸಬೇಕು ಅಂತ ಇದರ ಅರ್ಥ ಅಲ್ಲ. ಅಂಥ ಮಕ್ಕಳನ್ನು ದಿನವೂ ನೋಡುವುದು ಎಕೋದಲ್ಲೇ. ಎಕೋದ ಅಳತೆ ಎಷ್ಟು ಸರಿ ಅಂತ ಒರೆಗೆ ಹಚ್ಚಲು ಇಂಥ ಅಧ್ಯಯನ ಬೇಕು.

ಆಸ್ಪತ್ರೆಯಲ್ಲಿ ತಜ್ಞರು ಎಂಆರ್‌ಐ ಕೇಳುವ ಸಂದರ್ಭ ಕೆಲವೇ. ಎಡಗೋಣೆ ಸಣ್ಣದಾಗಿದ್ದು, ಎರಡು ಕೋಣೆಯ ಹೃದಯವಾಗಿ ಉಳಿಸಬಹುದಾ ಇಲ್ಲವೇ ಒಂದೇ ಕೋಣೆಯ ದಾರಿ ಹಿಡಿಯಬೇಕಾ ಅಂತ ನಿರ್ಧರಿಸುವಾಗ. ಇದು ಮಗುವಿನ ಇಡೀ ಬದುಕಿನ ನಿರ್ಧಾರ, ಇಲ್ಲಿ ಅಂದಾಜು ಸಾಲದು. ಮತ್ತೆ ಮಹಾಧಮನಿಯ ಬಾಗು ಅಥವಾ ಶ್ವಾಸಕೋಶದಿಂದ ಬರುವ ನಾಳಗಳು ಎಕೋದಲ್ಲಿ ಪೂರ್ತಿ ಕಾಣದಿದ್ದಾಗ, ಹೃದಯದಲ್ಲಿ ಗಡ್ಡೆ ಕಂಡಾಗ, ಹೃದಯದ ಸ್ನಾಯುವಿಗೇ ರೋಗ ತಗುಲಿದೆ ಅನ್ನಿಸಿದಾಗ. ನಾಳಗಳ ಚಿತ್ರ ಮಾತ್ರ ಬೇಕಿದ್ದು ಮಗು ತೀರಾ ಸುಸ್ತಾಗಿದ್ದರೆ ಸಿಟಿ ಸ್ಕ್ಯಾನ್ ಆರಿಸುವುದೂ ಉಂಟು. ಅದು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಆದರೆ ಎಕ್ಸ್‌ರೇ ವಿಕಿರಣ ಇದೆ, ಹರಿವಿನ ಲೆಕ್ಕ ಸಿಗುವುದಿಲ್ಲ. ಎಂಆರ್‌ಐಯಲ್ಲಿ ಆ ವಿಕಿರಣ ಇಲ್ಲ.

ಹಾಲು ಕುಡಿಸಿ, ಸುತ್ತಿ, ಮಲಗಿಸಿ

ಸಣ್ಣ ಶಿಶುಗಳಿಗೆ ಈಗ ಹೆಚ್ಚಿನ ಕಡೆ ಅನುಸರಿಸುವ ಉಪಾಯ ನಮ್ಮ ಅಜ್ಜಿಯರದ್ದೇ. ಸ್ಕ್ಯಾನಿಗೆ ಸ್ವಲ್ಪ ಮೊದಲು ಹೊಟ್ಟೆ ತುಂಬಾ ಹಾಲು ಕುಡಿಸುತ್ತಾರೆ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ, ಕಿವಿಗೆ ಹತ್ತಿಯಂಥ ಪ್ಲಗ್ ಇಟ್ಟು ಮೇಲಿಂದ ಮುಚ್ಚುತ್ತಾರೆ. ಗಾಳಿ ಎಳೆದರೆ ಮೈಗೆ ಒಪ್ಪವಾಗಿ ಗಟ್ಟಿಯಾಗುವ ದಿಂಬಿನಲ್ಲಿ ಮಲಗಿಸುತ್ತಾರೆ. ಮಗು ನಿದ್ದೆ ಹೋಗುತ್ತದೆ. ಮಷಿನ್ ಡಬಡಬ ಅಂತ ಜೋರು ಶಬ್ದ ಮಾಡುತ್ತದೆ, ಹಾಗಾಗಿ ಕಿವಿಯ ರಕ್ಷಣೆ ಕಡ್ಡಾಯ. ಕೆಲಸ ಮುಗಿಯಲು ಅರ್ಧ ಗಂಟೆಯಿಂದ ಒಂದು ಗಂಟೆ. ಆ ಹೊತ್ತೆಲ್ಲ ಬಡಿತ, ಆಮ್ಲಜನಕ, ಮೈಯ ಬಿಸಿ ನೋಡುತ್ತಲೇ ಇರುತ್ತಾರೆ. ಶಿಶುವಿನ ಮೈ ಬೇಗ ತಣ್ಣಗಾಗುತ್ತದೆ, ಎಂಆರ್‌ಐ ಕೋಣೆಯೋ ಎಸಿ ಕೋಣೆ. ಸುತ್ತಿ ಮಲಗಿಸುವುದು ಸಾಧ್ಯವಾಗದಿದ್ದರೆ ಅನಸ್ತೇಶಿಯಾ ಬೇಕಾಗಬಹುದು. ಹೃದ್ರೋಗದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ. ಆಗ ನಿಯಮವೂ ಬದಲಾಗುತ್ತದೆ, ಹೊಟ್ಟೆ ಖಾಲಿ ಇರಬೇಕು. "ಹಾಲು ಕೊಡಬಹುದಾ ಬೇಡವಾ, ಎಷ್ಟು ಹೊತ್ತಿಗೆ" ಅಂತ ಕೇಳದೆ ಕುಡಿಸಬೇಡಿ.

ಯಂತ್ರದೊಳಗೆ ಇರುವುದು ಭಾರೀ ಆಯಸ್ಕಾಂತ. ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಭೂಮಿಯ ಆಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು. ಅದನ್ನು ತಣ್ಣಗಿಡಲು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು. ಬಿಲ್ಲು ದೊಡ್ಡದಾಗಲು ಇದೂ ಒಂದು ಕಾರಣ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪೆನಿ ದ್ರವ ಹೀಲಿಯಂ ಬೇಡದ ಯಂತ್ರ ತಯಾರಿಸಿದೆ, ಮುಂದೆ ದರ ಇಳಿದರೆ ಒಳ್ಳೆಯದೇ.

ಈ ಆಯಸ್ಕಾಂತ ಪರೀಕ್ಷೆ ನಡೆಯದಾಗಲೂ ಆನ್ ಇರುತ್ತದೆ. ಮಗುವಿನ ಸೊಂಟದ ಉಡಿದಾರ, ಕಾಲ್ಗೆಜ್ಜೆ, ಕಡಗ, ಲೋಹದ ಗೂಡಿನಲ್ಲಿರುವ ತಾಯಿತ, ಅಂಗಿಯ ಸೇಫ್ಟಿ ಪಿನ್, ಗುಂಡಿ ಎಲ್ಲ ತೆಗೆಯಬೇಕು. ಕಾಡಿಗೆ, ಸುರುಮ ಒರೆಸಿರಬೇಕು. ಒಳಗೆ ಹೋಗುವ ತಾಯಿಯ ಒಡವೆ, ಹೇರ್‌ಪಿನ್, ತಂದೆಯ ಮೊಬೈಲ್, ಎಟಿಎಂ ಕಾರ್ಡು, ಬೀಗದ ಕೈ ಕೂಡ ಹೊರಗೆ. ತಾಯಿತ ತೆಗೆಯಲು ಮನಸ್ಸು ಒಪ್ಪದ ಹಿರಿಯರು ಇರುತ್ತಾರೆ. ಹೊರಗೆ ಅವರ ಕೈಯಲ್ಲೇ ಕೊಟ್ಟು, ಸ್ಕ್ಯಾನ್ ಆದ ಕೂಡಲೇ ಕಟ್ಟಿದರಾಯಿತು. 2018ರ ಜನವರಿಯಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದಾಗ ಯಂತ್ರ ಸೆಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು. ಆಕ್ಸಿಜನ್ ಮೇಲಿರುವ ಮಗುವಿನ ಜೊತೆ ಹೋಗುವಾಗ ಇದು ನೆನಪಿರಲಿ. ಯಾರು ಹೇಳಿದರೂ ಸಿಲಿಂಡರ್ ಮುಟ್ಟಬೇಡಿ, ಅದು ಸಿಬ್ಬಂದಿಯ ಕೆಲಸ.

ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ ಬಗ್ಗೆಯೂ ಕೇಳಿ. ಕೋಣೆಗಳ ಅಳತೆಗೂ ಹರಿವಿನ ಅಳತೆಗೂ ಅದು ಬೇಡ. ನವಜಾತ ಶಿಶುವಿನ ಕಿಡ್ನಿ ಪೂರ್ತಿ ಬಲಿತಿರುವುದಿಲ್ಲ, ಆದ್ದರಿಂದ ತಜ್ಞರು ತೀರಾ ಅಗತ್ಯವಿದ್ದರಷ್ಟೇ ಕೊಡುತ್ತಾರೆ.

ಜತ್ತದಿಂದ ಎಲ್ಲಿಗೆ

ಉಮದಿ, ಸಂಖ ಕಡೆಯವರಿಗೆ ವಿಜಯಪುರ ಹತ್ತಿರ, ಡಫಳಾಪುರ ಕಡೆಯವರು ಮಿರಜ, ಸಾಂಗಲಿಗೆ ಹೋಗುತ್ತಾರೆ. ಎರಡೂ ಕಡೆ ಮೆಡಿಕಲ್ ಕಾಲೇಜುಗಳಿವೆ: ಮಿರಜದಲ್ಲಿ 1962ರಿಂದ ಸರಕಾರಿ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್‌-ಅಮೀನ್. ಭಾಷೆಯ ಚಿಂತೆ ಬೇಡ, ಮಿರಜದಲ್ಲೂ ಕನ್ನಡ ಬಲ್ಲವರಿಗೆ ಬರ ಇಲ್ಲ. ಆದರೆ ಸಹಿ ಹಾಕುವ ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿ ಹೇಳಿಸಿಕೊಂಡೇ ಸಹಿ ಮಾಡಿ.

ಇಲ್ಲಿ ಕೇಳಬೇಕಾದ ಪ್ರಶ್ನೆ "ಎಂಆರ್‌ಐ ಮಷಿನ್ ಇದೆಯಾ" ಅಂತ ಅಲ್ಲ. ಮಷಿನ್ ಈಗ ಸಣ್ಣ ಪಟ್ಟಣಗಳಲ್ಲೂ ಇದೆ, ಬೆನ್ನುಮೂಳೆ, ಮಂಡಿ, ತಲೆ ನೋಡುತ್ತಾರೆ. ಶಿಶುವಿನ ಹೃದಯಕ್ಕೆ ಬೇಕಾದ ಸಣ್ಣ ಕಾಯಿಲ್, ಹೃದಯದ ಸಾಫ್ಟ್‌ವೇರ್, ಅದನ್ನು ಓದುವ ಕಣ್ಣು, ಪಕ್ಕದಲ್ಲಿ ನವಜಾತ ಶಿಶುಗಳ ಐಸಿಯು, ಇಷ್ಟೂ ಒಟ್ಟಿಗೆ ಸಿಗುವುದು ಮಕ್ಕಳ ಹೃದಯದ ಆಪರೇಷನ್ ಮಾಡುವ ದೊಡ್ಡ ಕೇಂದ್ರಗಳಲ್ಲಿ. ಕೇಳಬೇಕಾದದ್ದು "ಮಕ್ಕಳ ಹೃದಯ ತಜ್ಞರು ಎಕೋ ಮಾಡುವುದು ಎಲ್ಲಿ, ಇವತ್ತೇ ಸಿಗುತ್ತಾರಾ" ಅಂತ. ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಮೇಲೆ ಹೇಳಿದ ಆ ಅಡ್ಡದಾರಿ ತೆರೆದಿರುವುದರಿಂದ. ಅದು ಮುಚ್ಚದಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟು ಕಳಿಸುತ್ತಾರೆ. ಹೊರಡುವ ಮೊದಲೇ ಅದು ಶುರುವಾಗಬೇಕಾ ಅಂತ ಎರಡು ಆಸ್ಪತ್ರೆಯ ಡಾಕ್ಟರ್‌ಗಳು ಫೋನಿನಲ್ಲಿ ಮಾತಾಡಿಕೊಳ್ಳಲಿ. ಬಾಡಿಗೆ ಕಾರಿನಲ್ಲಿ ಮಡಿಲಲ್ಲಿ ಹಾಕಿಕೊಂಡು ಓಡುವ ಬದಲು ಆಕ್ಸಿಜನ್, ಬಿಸಿ ಇರುವ 108 ಆಂಬುಲೆನ್ಸ್ ಕೇಳಿ.

ಹಣದ ವಿಷಯ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದಯದೋಷ ಸೇರಿದೆ. ಆಶಾ ಕಾರ್ಯಕರ್ತೆ ಅಥವಾ ತಾಲೂಕಿನ ಸರಕಾರಿ ಆಸ್ಪತ್ರೆಯ ಮೂಲಕ ಹೆಸರು ಹಾಕಿಸಬಹುದು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಮಿತಿ ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರು ಕೈಯಲ್ಲಿರುವುದು ಆಯುಷ್ಮಾನ್ ಭಾರತ್ ಕಾರ್ಡಾ ಅಂತ ನೋಡಿಕೊಳ್ಳಿ. ಅದು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ನವಿ ಮುಂಬೈ ಖಾರ್ಘರ್‌ನ ಶ್ರೀ ಸತ್ಯಸಾಯಿ ಸಂಜೀವನಿ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಆಪರೇಷನ್ ಉಚಿತ. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಮಕ್ಕಳ ಹೃದಯ ವಿಭಾಗ ಇದೆ.

ಹತ್ತಿರದ ಸಂಬಂಧದಲ್ಲಿ ಮದುವೆಯಾದವರು, ಮೊದಲ ಮಗುವಿಗೆ ಹೃದಯದೋಷ ಇದ್ದವರು, ಸಕ್ಕರೆ ಕಾಯಿಲೆ ಇರುವ ಗರ್ಭಿಣಿಯರು ಒಂದು ಕೆಲಸ ಮೊದಲೇ ಮಾಡಬಹುದು. 18ರಿಂದ 24 ವಾರದೊಳಗೆ ಹೊಟ್ಟೆಯಲ್ಲಿರುವ ಮಗುವಿಗೇ ಎಕೋ ಮಾಡಿಸಬಹುದು. ಗಂಭೀರ ದೋಷ ಆಗಲೇ ತಿಳಿದರೆ ಹೆರಿಗೆಯನ್ನೇ ಹೃದಯ ಕೇಂದ್ರ ಇರುವ ಊರಿನಲ್ಲಿ ಮಾಡಿಸಬಹುದು. ನೂರಾರು ಕಿಲೋಮೀಟರ್ ಪ್ರಯಾಣಕ್ಕೆ ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ.

ಎಂಆರ್‌ಐ ಆದಮೇಲೆ ಕೈಗೆ ಬರುವ ರಿಪೋರ್ಟಿನಲ್ಲಿ ಅಂಕಿಗಳನ್ನು ಮಗುವಿನ ಮೈಯ ಅಳತೆಗೆ ಭಾಗಿಸಿ ಬರೆದಿರುತ್ತಾರೆ. ಹಾಗಾಗಿ ಪಕ್ಕದ ಮನೆಯ ಮಗುವಿನ ರಿಪೋರ್ಟ್ ಜೊತೆ, ಅಥವಾ ಮಾವನ ಇಎಫ್ ಜೊತೆ ಹೋಲಿಸಿ ನೋಡುವುದರಿಂದ ಪ್ರಯೋಜನ ಇಲ್ಲ. ಸ್ಕ್ಯಾನ್ ದಿನದ ತೂಕ ಅದರಲ್ಲಿ ಸರಿಯಾಗಿ ಬರೆದಿದೆಯಾ ಅಂತ ನೋಡಿ, ತೂಕ ತಪ್ಪಿದರೆ ಭಾಗಿಸಿದ ಅಂಕಿಯೂ ತಪ್ಪು. ದೊಡ್ಡ ಫಿಲ್ಮ್ ಹಾಳೆಯ ಮೇಲೆ ಬಡಿಯುವ ಹೃದಯ ಕಾಣುವುದಿಲ್ಲ, ಆ ಸಿನಿಮಾ ಇರುವುದು ಸಿಡಿಯಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ. ಅದನ್ನು ಕೇಳಿ ಪಡೆದುಕೊಂಡು, ಎಕೋ ರಿಪೋರ್ಟ್ ಮತ್ತು ಡಿಸ್ಚಾರ್ಜ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಇಡಿ. ಆರು ತಿಂಗಳ ನಂತರ ಬೇರೆ ಊರಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.